ಕಾವಲಿನ ಹುಲ್ಲು, ಕಲ್ಲಿನ ಗುಡಿ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಬೆಂಗೇರಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಸಂತೋಷದ ಹೊತ್ತಿನಲ್ಲಿ ನನಗೂ ಎರಡು ಮಾತು ಆಡಲು ಅವಕಾಶ ಕೊಟ್ಟಿದ್ದೀರಿ. ಸಾಲ-ವಸೂಲಿ, ಶೇರು-ಠೇವಣಿ ಇವುಗಳ ಬಗ್ಗೆ ತಿಳಿದವರು ಆಗಲೇ ಮಾತಾಡಿದ್ದಾರೆ. "ಸರ್, ನೀವು ನಿಮ್ಮ ತಿರುಗಾಟದ್ದು ಏನರ ಹೇಳ್ರಿ" ಎಂದು ಕಾರ್ಯದರ್ಶಿಗಳು ಹೇಳಿದ್ದರಿಂದ ನಾನು ಒಂದು ಹುಲ್ಲುಗಾವಲಿನ ವಿಷಯ ಹೇಳುತ್ತೇನೆ. ಸಹಕಾರ ಸಂಘದ ಸಭೆಯಲ್ಲಿ ಹುಲ್ಲಿನ ಮಾತು ಯಾಕ ಬಂತು ಅಂತ ಯಾರೂ ಅನ್ನಲಾರಿರಿ. ನಮ್ಮಂಥ ಸಂಘಗಳು ಎಮ್ಮೆ, ಆಕಳು ಕೊಳ್ಳಲಿಕ್ಕೆ ಸಾಲ ಕೊಡುತ್ತ ಬಂದಿವೆ. ಎಮ್ಮೆ ಮನೆಗೆ ಬಂದ ಮರುದಿನದಿಂದ ಅದಕ್ಕೆ ಮೇವು ಬೇಕಲ್ಲ.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೋದವರು ಇಲ್ಲಿ ಬಹಳ ಮಂದಿ ಇದ್ದೀರಿ. ದಾವಣಗೆರೆ, ಚಿಕ್ಕಜಾಜೂರು ದಾಟಿದ ಮೇಲೆ ಹೊಸದುರ್ಗ ರೋಡ್, ಶಿವನಿ, ಅಜ್ಜಂಪುರ, ಬೀರೂರು ಅಂತ ನಿಲ್ದಾಣಗಳು ಬರುತ್ತವೆ. ಆ ಸೀಮೆಯಲ್ಲಿ ಅಲ್ಲಲ್ಲಿ ಉತ್ತದ್ದಲ್ಲ, ಅಡವಿಯೂ ಅಲ್ಲ ಎನ್ನುವಂಥ ಬಯಲು ಕಾಣುತ್ತದೆ. ಒಂದಕ್ಕೊಂದು ದೂರವಾಗಿ ಜಾಲಿಗಿಡ, ನಡುವೆ ಹುಲ್ಲು. ನಾವು ಕಿಟಕಿಯಿಂದ ನೋಡಿ "ಪಡ ಬಿದ್ದೈತಿ" ಎಂದು ಹೇಳಿ ಮುಖ ತಿರುಗಿಸುತ್ತೇವೆ. ಅದು ಪಡ ಅಲ್ಲ ಬಾಂಧವರೇ. ಅದರ ಹೆಸರು ಅಮೃತ ಮಹಲ್ ಕಾವಲು. ಮುನ್ನೂರು ವರ್ಷಕ್ಕೂ ಮೇಲ್ಪಟ್ಟು ಲೆಕ್ಕ ಇಟ್ಟು ಕಾಯ್ದುಕೊಂಡು ಬಂದ ಹುಲ್ಲು ಅದು.

ಇಬ್ಬರು ಗೆಳೆಯರ ಜೊತೆ ಪುಷ್ಯಮಾಸದಲ್ಲಿ ನಾನು ಅಲ್ಲಿ ನಡೆಯಲು ಹೋದೆ. ಕಾವಲು ಪಶುಸಂಗೋಪನಾ ಇಲಾಖೆಯ ಸುಪರ್ದಿಯಲ್ಲಿದೆ. ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರವಿದ್ದು, ಅಲ್ಲಿ ಕೇಳಿಕೊಂಡೇ ಒಳಗೆ ಹೋಗಬೇಕು. ದನಗಳು ಸಾಕಿದವಾದರೂ ಅರ್ಧ ಕಾಡಿನವೇ ಎನ್ನಬೇಕು. ಅಪರಿಚಿತರನ್ನು ಕಂಡರೆ ತಲೆ ಎತ್ತಿ, ಕಿವಿ ನೆಟ್ಟಗೆ ಮಾಡಿ, ಸಾಲಾಗಿ ನಿಲ್ಲುತ್ತವೆ. ಬೂದು ಮೈ, ಕೆಲವಕ್ಕೆ ಕುತ್ತಿಗೆಯ ಹತ್ತಿರ ಕಪ್ಪು. ನೆತ್ತಿಯ ಮೇಲೆ ಹತ್ತಿರ ಹತ್ತಿರ ಹುಟ್ಟಿದ ಎರಡು ಕೋಡು ಹಿಂದಕ್ಕೆ ಹೋಗಿ ಮೇಲಕ್ಕೆ ಬಂದು ಭರ್ಚಿಯ ಹಾಗೆ ಚೂಪಾಗಿ ನಿಂತಿರುತ್ತವೆ. ನಮ್ಮ ಗೆಳೆಯರಲ್ಲಿ ಒಬ್ಬರಿಗೆ ಫೋಟೋ ತೆಗೆಯುವ ಹುಮ್ಮಸ್ಸು ಬಹಳ. ಜೊತೆಗಿದ್ದ ದನ ಕಾಯುವವ, "ಯಜಮಾನ್ರೇ, ಅಲ್ಲೇ ನಿಂತ್ಕಳಿ, ಅವು ನನ್ ದನಿಗೆ ಬರ್ತವೆ, ನಿಮ್ ದನಿಗೆ ಬರಲ್ಲ" ಎಂದು ತಡೆದ. ಆಮೇಲೆ ಒಂದು ಕೂಗು ಹಾಕಿದ. ಅಷ್ಟೂ ದನ ಅವನ ಸುತ್ತ ಬಂದು ನಿಂತವು. ನಾವು ಮೂವರೂ ಒಂದು ಜಾಲಿಗಿಡದ ಹಿಂದೆ ನಿಂತು ನೋಡಿದೆವು.

ಆ ಹೊತ್ತಿಗೆ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. ನಡೆದರೆ ಧೋತರದ ತುಂಬ ಹುಲ್ಲಿನ ಮುಳ್ಳು. ಕರಡ, ಗರಿಕೆ, ಹಂಚಿ, ನಮ್ಮ ಬದುವಿನಲ್ಲಿ ಇರುವವೇ ಬಹಳ. ಆದರೆ ಒಂದೇ ಅಳತೆಯಲ್ಲಿ ಅಷ್ಟು ದೂರ ಹುಲ್ಲು ನಿಂತದ್ದನ್ನು ನಾನು ನಮ್ಮ ಕಡೆ ನೋಡಿಲ್ಲ. ನಡುನಡುವೆ ಕರಿಜಾಲಿ, ಬಿಳಿಜಾಲಿ. ಬ್ಯಾಸಿಗಿಯೊಳಗ ಹುಲ್ಲು ತೀರಿದಾಗ ಈ ಜಾಲಿಯ ಕಾಯಿಯೇ ದನಕ್ಕೆ ಹಿಂಡಿ ಇದ್ದ ಹಾಗೆ. ತಿಂದ ಕಾಯಿಯ ಬೀಜ ಸಗಣಿಯಲ್ಲಿ ಬಿದ್ದು ಮಳೆಗೆ ಮೊಳೆಯುತ್ತದೆ. ಗಿಡ ಹಚ್ಚಿದವರು ಯಾರು ಅಂದರೆ ದನಗಳೇ ಅನ್ನಬೇಕಾಗುತ್ತದೆ. ಗಿಡದ ನೆರಳಿಗೆ ದನ ಮಲಗುತ್ತದೆ, ಅಲ್ಲಿ ಗೊಬ್ಬರ ಬೀಳುತ್ತದೆ, ಅಲ್ಲಿಯ ಹುಲ್ಲು ಒಂದು ಕೈ ಎತ್ತರ. ಲೆಕ್ಕ ಹಾಕಿ ಮಾಡಿದಂತಿದೆ.

ಲೆಕ್ಕ ಹಾಕಿಯೇ ಮಾಡಿದ್ದು ಎಂಬುದೂ ಸುಳ್ಳಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರು (೧೬೭೩–೧೭೦೪) ಅರಮನೆಯ ದನಗಳಿಗಾಗಿ 'ಬೆಣ್ಣೆ ಚಾವಡಿ' ಎಂಬ ಇಲಾಖೆ ಮಾಡಿ ಬೇರೆ ಬೇರೆ ಸೀಮೆಗಳಲ್ಲಿ ಕಾವಲು ಗೊತ್ತುಪಡಿಸಿದರು. ಹೈದರಾಲಿಗೆ ಬೆಣ್ಣೆಗಿಂತ ತೋಪು ಎಳೆಯುವ ಎತ್ತು ಮುಖ್ಯವಾಯಿತು. ಚಿದಂಬರದ ಸಹಾಯಕ್ಕೆ ಅವನ ದಂಡು ಎರಡೂವರೆ ದಿನದಲ್ಲಿ ೧೦೦ ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದ ಎಂದು ಹಳೆಯ ಬರಹಗಳಲ್ಲಿದೆ. ಟಿಪ್ಪು ಸುಲ್ತಾನ ಬೆಣ್ಣೆ ಚಾವಡಿಗೆ 'ಅಮೃತ ಮಹಲ್' ಎಂದು ಹೆಸರಿಟ್ಟ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರೂ ಇವನ್ನು ಬಿಡಲಿಲ್ಲ. ೧೮೬೦ರಲ್ಲಿ ಖರ್ಚು ಹೆಚ್ಚು ಎಂದು ದನಗಳನ್ನು ಮಾರಿದರು. ಮುಂದೆ ತೋಪಿಗೆ ಎತ್ತು ಸಿಗದೆ ಪೇಚಾಟಕ್ಕಿಟ್ಟುಕೊಂಡು, ಐದಾರು ವರ್ಷದಲ್ಲೇ ಮತ್ತೆ ಹುಡುಕಿ ತಂದು ತಳಿ ಕಟ್ಟಿದರು. ಮಾರುವುದು ಒಂದು ದಿನದ ಕೆಲಸ, ಕಟ್ಟುವುದು ಹಾಗಲ್ಲ. ನಮ್ಮ ಸಂಘದ ಹಿರಿಯರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರ ಜಾಣತನ ಇದ್ದದ್ದು ಕಾವಲುಗಳ ವಿಂಗಡಣೆಯಲ್ಲಿ. ಬೇಸಿಗೆಯ ಕಾವಲು ಬೇರೆ, ಮಳೆಗಾಲದ್ದು ಬೇರೆ, ಚಳಿಗಾಲದ್ದು ಬೇರೆ. ಬೇಸಿಗೆಯದರಲ್ಲಿ ಕೆರೆಕಟ್ಟೆ ಮತ್ತು ಗಿಡದ ನೆರಳು ಇರಬೇಕು. ದನ ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುತ್ತಿತ್ತು. ಒಂದು ಕಡೆ ಮೇಯುವಾಗ ಉಳಿದ ಕಡೆ ಹುಲ್ಲು ಬೀಜ ಕಟ್ಟಿ ಉದುರಿಸುತ್ತಿತ್ತು. 'ಕಾವಲು' ಎಂಬ ಶಬ್ದದ ಅರ್ಥವೇ ಅದು: ಕಾಯ್ದಿಟ್ಟದ್ದು.

ಇಂಥ ಭೂಮಿ ನಮ್ಮಲ್ಲಷ್ಟೇ ಇಲ್ಲ. ಯುರೋಪಿನ ಸ್ಪೇನ್ ದೇಶದ ನೈಋತ್ಯ ಭಾಗದಲ್ಲಿ ಎಸ್ತ್ರೆಮದುರಾ ಎಂಬ ಸೀಮೆ ಇದೆ. ಅಲ್ಲಿ ಜಾಲಿಯ ಬದಲು ಓಕ್ ಮರ. ಹತ್ತಾರು ಹೆಜ್ಜೆಗೊಂದು ಮರ, ಕೆಳಗೆ ಹುಲ್ಲು, ಕುರಿ, ದನ, ಕರಿ ಹಂದಿ. ಚಳಿಗಾಲದ ಮೊದಲಿಗೆ ಓಕ್ ಕಾಯಿ ಉದುರುತ್ತದೆ, ಹಂದಿಗಳು ಅದನ್ನು ತಿಂದು ಕೊಬ್ಬುತ್ತವೆ. ಒಂದು ಜಾತಿಯ ಓಕ್ ಮರದ ತೊಗಟೆಯನ್ನು ಒಂಬತ್ತು ವರ್ಷಕ್ಕೊಮ್ಮೆ ಸುಲಿದು ಬಾಟಲಿಗೆ ಬೂಚು ಮಾಡುತ್ತಾರೆ, ಮರ ಸಾಯುವುದಿಲ್ಲ. ಆ ಭೂಮಿಗೆ ಅವರು 'ದೆಹೆಸಾ' ಎನ್ನುತ್ತಾರೆ. ಶಬ್ದದ ಮೂಲ ಲ್ಯಾಟಿನ್ನಿನ 'ದೆಫೆನ್ಸಾ', ಅಂದರೆ ಕಾಯ್ದಿಟ್ಟದ್ದು. ನೋಡ್ರಿ, ಸಾವಿರಾರು ಮೈಲಿ ದೂರದ ದನಗಾಹಿಯೂ ನಮ್ಮ ಕಡೂರಿನ ದನಗಾಹಿಯೂ ಹುಲ್ಲಿಗೆ ಒಂದೇ ಹೆಸರು ಇಟ್ಟಿದ್ದಾರೆ!

ಆ ದೇಶಕ್ಕೆ ಜನ ಈಗ ಹೆಗಲಿಗೆ ಚೀಲ ಹಾಕಿಕೊಂಡು ಬರೀ ನಡೆಯಲಿಕ್ಕೇ ಹೋಗುತ್ತಾರೆ. ಬೆಳಿಗ್ಗೆ ಓಕ್ ಮರದ ಕೆಳಗೆ ನಡೆದರೆ ಸಂಜೆಗೆ ಮೆರಿದಾ ಎಂಬ ಊರಿನಲ್ಲಿ ರೋಮನ್ನರ ಕಾಲದ ಸೇತುವೆ, ನಾಟಕಶಾಲೆ. ಹುಲ್ಲುಗಾವಲಿನಲ್ಲಿ ದನಕ್ಕಾಗಿ ಗೇಟು ಇರುತ್ತವೆ. ತೆಗೆದವರು ಮತ್ತೆ ಹಾಕಿ ಹೋಗಬೇಕು, ಇಷ್ಟೇ ನಿಯಮ. ಕುರಿ ದಾರಿಗಳಂತೂ ಅಲ್ಲಿ ಬಹಳ ಹಳೆಯವು. ೧೨೭೩ರಲ್ಲಿ ಹತ್ತನೆಯ ಅಲ್ಫೊನ್ಸೊ ಎಂಬ ಅರಸ ಕುರಿಗಾರರ ಒಕ್ಕೂಟಕ್ಕೆ ಸನ್ನದು ಕೊಟ್ಟ. ದೊಡ್ಡ ದಾರಿಗಳಿಗೆ ಸುಮಾರು ೭೫ ಮೀಟರ್ ಅಗಲ. ೧೯೯೫ರಲ್ಲಿ ಆ ದೇಶ ಕಾಯಿದೆ ಮಾಡಿ, ಈ ದಾರಿಗಳು ಸಾರ್ವಜನಿಕ ಆಸ್ತಿ, ಮಾರಲಿಕ್ಕೆ ಬರುವುದಿಲ್ಲ ಎಂದಿತು. ದಾರಿಯ ಹಕ್ಕು ಮರೆಯಬಾರದು ಎಂದು ೧೯೯೪ರಿಂದ ಕುರಿಗಾರರು ರಾಜಧಾನಿ ಮ್ಯಾಡ್ರಿಡ್ ಪಟ್ಟಣದ ನಡುಬೀದಿಯಲ್ಲಿ ಕುರಿ ಹೊಡೆದುಕೊಂಡು ಹೋಗುವ ರೂಢಿ ಹಾಕಿದ್ದಾರೆ. ಮೋಟಾರುಗಳು ನಿಂತು ದಾರಿ ಬಿಡುತ್ತವೆ. ಅಲ್ಲಿ ಎಲ್ಲವೂ ಚೆಂದ ಎಂದು ನಾನು ಹೇಳುತ್ತಿಲ್ಲ. ಬೇರಿನ ರೋಗ ಹತ್ತಿ ಓಕ್ ಮರಗಳು ಬಹಳ ಸಾಯುತ್ತಿವೆ. ಆದರೆ ಆ ಭೂಮಿಗೆ ಯಾರೂ 'ಪಡ' ಅನ್ನುವುದಿಲ್ಲ.

ಇನ್ನು ಗುಡಿಯ ವಿಷಯ. ಅಜ್ಜಂಪುರದಿಂದ ತರೀಕೆರೆಯ ಕಡೆ ಹೋದರೆ ಅಮೃತಾಪುರ. ಹೆಸರು ಕೇಳಿ ಇದೂ ಅಮೃತ ಮಹಲಿನದೇ ಅನಿಸುತ್ತದೆ, ಹಾಗಲ್ಲ. ದನಗಳಿಗೆ ಅಮೃತ ಎಂಬ ಹೆಸರು ಬರುವ ಆರುನೂರು ವರ್ಷ ಹಿಂದೆ, ೧೧೯೬ರಲ್ಲಿ, ಹೊಯ್ಸಳ ವೀರಬಲ್ಲಾಳನ ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಅಮೃತೇಶ್ವರ ಗುಡಿ ಅದು. ಬೇಲೂರು-ಹಳೇಬೀಡಿನ ಗದ್ದಲ ಅಲ್ಲಿಲ್ಲ. ತೆಂಗಿನ ತೋಟದ ನಡುವೆ ತಣ್ಣಗೆ ಇದೆ. ಮಂಟಪದ ಹೊರಗೋಡೆಯ ಮೇಲೆ ಒಂದು ಬದಿಗೆ ರಾಮಾಯಣ, ಇನ್ನೊಂದು ಬದಿಗೆ ಭಾಗವತ ಮತ್ತು ಮಹಾಭಾರತದ ಕತೆಗಳು. ಒಳಗಿನ ಛತ್ತಿನ ಕೆತ್ತನೆಗೆ ಕುತ್ತಿಗೆ ನೋಯುವ ತನಕ ನೋಡಬೇಕು. ಮಲ್ಲಿತಮ್ಮ ಎಂಬ ಹೆಸರಾಂತ ರೂವಾರಿ ಮೊದಲು ಕೈ ಪಳಗಿಸಿದ್ದು ಇಲ್ಲಿ ಎನ್ನುತ್ತಾರೆ. ಬಾಗಿಲ ಬದಿಯ ದೊಡ್ಡ ಶಾಸನದ ಪದ್ಯಗಳು ಜನ್ನ ಕವಿಯವು. ಶಾಲೆಯಲ್ಲಿ ಜನ್ನನ 'ಯಶೋಧರ ಚರಿತೆ' ಓದಿದವರು ಆ ಕಲ್ಲಿನ ಮುಂದೆ ಒಂದು ಗಳಿಗೆ ನಿಲ್ಲಲೇಬೇಕು. ಅದೇ ಸೀಮೆಯಲ್ಲಿ ಗಂಗರ ಒಂದು ಕವಲು ಆಳಿದ ಅಸಂದಿ ಇದೆ. ಸಮಯವಿದ್ದರೆ ಅಲ್ಲಿಗೂ ಹೋಗಿರಿ.

ಗುಡಿ ನೋಡಿ ಹುಲ್ಲು ಮರೆಯುವುದು ಬೇಡ. ಕಲ್ಲಿನ ಮೇಲೆ ಹುಲ್ಲಿನ ಚರಿತ್ರೆ ಎಲ್ಲಿ ಬರೆದಿದೆ ಎಂದರೆ ವೀರಗಲ್ಲುಗಳ ಮೇಲೆ. ನಮ್ಮ ಧಾರವಾಡ ಸೀಮೆಯ ಹಳ್ಳಿ ಹಳ್ಳಿಯಲ್ಲಿ ಇವು ಇವೆ. ಅಗಸಿಯ ಹತ್ತಿರ, ಹನಮಪ್ಪನ ಗುಡಿಯ ಹಿಂದೆ, ಕೆಲವು ಕಡೆ ಅರಿವೆ ಒಗೆಯುವ ಕಲ್ಲಾಗಿ ಕೂಡ. ಬಹುತೇಕ ಮೂರು ಪಟ್ಟಿ ಇರುತ್ತದೆ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ. ಕೆಳಗಿನ ಪಟ್ಟಿಯನ್ನು ಸ್ವಲ್ಪ ನೀರು ಹಾಕಿ ತೊಳೆದು ನೋಡಿರಿ. ಎಷ್ಟೋ ಕಲ್ಲುಗಳಲ್ಲಿ ಮೂಲೆಗೆ ಎರಡು ಮೂರು ಆಕಳು ಇರುತ್ತವೆ. ಅದು ತುರುಗೊಳ್ ಕಲ್ಲು. ಊರ ದನ ಹೊಡೆದುಕೊಂಡು ಹೋದವರ ಬೆನ್ನು ಹತ್ತಿ, ದನ ಬಿಡಿಸಿ ತಾನು ಸತ್ತವನ ನೆನಪು. ಆ ವೀರ ಸತ್ತದ್ದು ಊರಿನ ಗಾಯರಾಣದ ಅಂಚಿನಲ್ಲೇ ಇರಬೇಕು, ದನ ಇರುವುದು ಅಲ್ಲಿಯೇ. ಊರಿನ ಮಂದಿ ಅವನ ಮನೆಯವರಿಗೆ ಭೂಮಿ ಬಿಟ್ಟುಕೊಟ್ಟ ಉದಾಹರಣೆಗಳೂ ಶಾಸನಗಳಲ್ಲಿವೆ. ಆ ಕಲ್ಲಿಗೆ ನಾವು ಈಗ ಯುಗಾದಿಗೆ ಸುಣ್ಣ ಬಳಿಯುತ್ತೇವೆ, ಅವನು ಯಾಕೆ ಸತ್ತ ಎಂಬುದನ್ನು ಮಾತ್ರ ಓದುವುದಿಲ್ಲ.

ಈಗಿನ ಮಾತಿಗೆ ಬರೋಣ. ಮೈಸೂರು ಸಂಸ್ಥಾನದ ಕಾಲಕ್ಕೆ ಅಮೃತ ಮಹಲ್ ಕಾವಲು ಸುಮಾರು ನಾಲ್ಕು ಲಕ್ಷ ಎಕರೆ ಇತ್ತು. ಇವತ್ತು ಅದರ ಕಾಲು ಭಾಗವೂ ಉಳಿದಿಲ್ಲ. ಕೆಲವು ಭೂಮಿ ಇಲ್ಲದವರಿಗೆ ಹೋಯಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕೆಲವು ಗುತ್ತಿಗೆ, ಒತ್ತುವರಿ, ನೀಲಗಿರಿ ತೋಪು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ವರವು, ಕುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿ ೨೦೦೭ರ ನಂತರ ಎಂಟು ಸಾವಿರಕ್ಕೂ ಹೆಚ್ಚು ಎಕರೆಯನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟರು. ದೇಶಕ್ಕೆ ಅವು ಬೇಕು, ನಿಜ. ಆದರೆ ಆ ಹುಲ್ಲಿನ ಮೇಲೆ ಕುರಿ ಮೇಯುತ್ತಿದ್ದವು, ಆ ಕುರಿಯ ಉಣ್ಣೆಯಿಂದ ಚಳ್ಳಕೆರೆಯ ಕಂಬಳಿ ಆಗುತ್ತಿತ್ತು, ಕಂಬಳಿ ನೇಯುವವರಿಗೂ ನಮ್ಮ ಹಾಗೆಯೇ ಸಹಕಾರ ಸಂಘಗಳಿದ್ದವು. ಗೋಡೆ ಎದ್ದ ಮೇಲೆ ಹಳ್ಳಿಯವರಿಗೆ ತಿಳಿಯಿತು. ಪ್ರಕರಣ ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಕಾಗದದಲ್ಲಿ ಖಾಲಿ ಜಾಗ ಎಂದು ಕಾಣುವುದಕ್ಕೂ ನೆಲದ ಮೇಲೆ ಇರುವುದಕ್ಕೂ ಎಷ್ಟು ಅಂತರ ಇರುತ್ತದೆ ನೋಡಿರಿ. ಇತ್ತ ಕಡೂರು ಕಡೆಯ ಬಾಸೂರು ಕಾವಲಿಗೆ ಮಾತ್ರ ಅದೃಷ್ಟ. ೨೦೧೧ರಲ್ಲಿ ಅದನ್ನು ಸಂರಕ್ಷಿತ ಪ್ರದೇಶ ಎಂದು ಘೋಷಿಸಿದರು. ದನದ ಜೊತೆಗೆ ಚಿಗರಿ ಹಿಂಡೂ ಅಲ್ಲಿ ಉಳಿದಿವೆ.

ನಮ್ಮ ಕಡೆಯ ಒಂದು ಉದಾಹರಣೆ ಹಿರಿಯರಿಗೆ ನೆನಪಿರಬಹುದು. ೧೯೮೪ರಲ್ಲಿ ಸರ್ಕಾರ ಮತ್ತು ಹರಿಹರದ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಮಾಡಿ, ಧಾರವಾಡವೂ ಸೇರಿದಂತೆ ಹಲವು ಜಿಲ್ಲೆಗಳ ಸುಮಾರು ೩೦,೦೦೦ ಹೆಕ್ಟೇರ್ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟಿತು. ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ೧೪ ನವೆಂಬರ್ ೧೯೮೭ರಂದು ಹಳ್ಳಿಯ ಹೆಣ್ಣುಮಕ್ಕಳು ಗಂಡಸರು ಸೇರಿ ನೀಲಗಿರಿ ಸಸಿ ಕಿತ್ತು, ಅದೇ ಗುಣಿಯಲ್ಲಿ ಊರಿಗೆ ಬೇಕಾದ ಗಿಡ ಹಚ್ಚಿದರು. 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ಎಂದೇ ಅದಕ್ಕೆ ಹೆಸರು. ೧೯೯೧ರಲ್ಲಿ ಕಂಪನಿ ಮುಚ್ಚಿತು. ಹಾನಗಲ್ಲಿನ ತಾರಕೇಶ್ವರ ಗುಡಿಯ ಕಮಲದ ಛತ್ತು ನೋಡಲಿಕ್ಕೆ ಹೋಗುವವರು ಕುಸನೂರಿಗೂ ಹೋಗಿ ಬಂದರೆ ಒಳ್ಳೆಯದು. ಎರಡೂ ನಮ್ಮ ಚರಿತ್ರೆಯೇ.

ನಮ್ಮ ಬೆಂಗೇರಿ ಈಗ ಹುಬ್ಬಳ್ಳಿ ಶಹರದ ಒಳಗೇ ಸೇರಿಹೋಗಿದೆ. ಖಾದಿ ಸಂಘದಲ್ಲಿ ತಯಾರಾಗುವ ರಾಷ್ಟ್ರಧ್ವಜ ಮತ್ತು ಶನಿವಾರದ ಸಂತೆಯಿಂದ ಹೆಸರು ಉಳಿದಿದೆ, ದನ ಬಿಡುವ ಜಾಗ ಉಳಿದಿಲ್ಲ. ಆದರೆ ಸುತ್ತಲಿನ ಹಳ್ಳಿಗಳಿಂದ ಬಂದ ಸದಸ್ಯರಿಗೆ ಈ ಮಾತು ಹೇಳಬೇಕು. ಕರ್ನಾಟಕ ಭೂಕಂದಾಯ ಕಾಯಿದೆಯ ೭೧ನೇ ಕಲಮಿನ ಪ್ರಕಾರ ಊರಿನ ದನ ಪುಕ್ಕಟೆ ಮೇಯಲು ಸರ್ಕಾರಿ ಭೂಮಿ ಕಾಯ್ದಿಡಲು ಬರುತ್ತದೆ. ನಿಯಮ ೯೭ರಲ್ಲಿ ಪ್ರತಿ ೧೦೦ ದನಕ್ಕೆ ೧೨ ಹೆಕ್ಟೇರ್, ಅಂದರೆ ಸುಮಾರು ೩೦ ಎಕರೆ ಎಂದು ಅಳತೆಯೂ ಇದೆ. ೨೦೧೧ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಪಂಜಾಬಿನ ಒಂದು ಪ್ರಕರಣದಲ್ಲಿ, ಊರಿನ ಸಾಮೂಹಿಕ ಜಾಗ ಒತ್ತಿದವರನ್ನು ತೆರವು ಮಾಡಬೇಕು ಎಂದು ಎಲ್ಲ ರಾಜ್ಯಗಳಿಗೂ ಹೇಳಿತು. ಹೀಗೆ ಕಾಯಿದೆ ಇದೆ, ತೀರ್ಪು ಇದೆ. ಆದರೆ ದನದ ಲೆಕ್ಕ ಕಡಿಮೆ ಬಂದರೆ 'ಹೆಚ್ಚುವರಿ ಗಾಯರಾಣ' ಎಂದು ಬೇರೆ ಕೆಲಸಕ್ಕೆ ತೆಗೆಯಲೂ ದಾರಿ ಇದೆ. ಜಾನುವಾರು ಗಣತಿಗೆ ಬಂದವರಿಗೆ "ಎರಡ ಅದಾವ್ರಿ" ಎಂದು ಬಾಗಿಲಲ್ಲೇ ನಿಂತು ಹೇಳಿ ಕಳಿಸುತ್ತೇವಲ್ಲ, ಆ ಮಾತಿಗೆ ಎಷ್ಟು ತೂಕ ಇದೆ ಎಂದು ತಿಳಿದಿರಲಿ. ಕೊಟ್ಟಿಗೆಯಲ್ಲಿ ಐದು ಇದ್ದರೆ ಐದನ್ನೂ ಬರೆಸಬೇಕು.

ನನ್ನ ಸೂಚನೆ ಇಷ್ಟು. ಬರುವ ಪುಷ್ಯಮಾಸದಲ್ಲಿ ಸಂಘದ ಇಪ್ಪತ್ತು ಸದಸ್ಯರು ಅಜ್ಜಂಪುರಕ್ಕೆ ಹೋಗೋಣ. ರೈಲಿನಲ್ಲಿ ಹೋಗಿ, ಇಲಾಖೆಯವರ ಅಪ್ಪಣೆ ಮೊದಲೇ ಪಡೆದು, ಬೆಳಿಗ್ಗೆ ಕಾವಲಿನಲ್ಲಿ ನಡೆದು, ಮರುದಿನ ಅಮೃತಾಪುರ ನೋಡಿ ಬರಬಹುದು. ಕೆಂಪು ಬಟ್ಟೆ, ನಾಯಿ, ಬೀಡಿ-ಕಡ್ಡಿಪೆಟ್ಟಿಗೆ ಈ ಮೂರೂ ಬೇಡ. ಒಣಹುಲ್ಲಿಗೆ ಒಂದು ಕಿಡಿ ಸಾಕು. ಕಾಲಿಗೆ ಗಟ್ಟಿ ಬೂಟು, ರೊಟ್ಟಿ ಶೇಂಗಾ ಚಟ್ನಿ, ತಲೆಗೆ ಎರಡು ಬಾಟಲಿ ನೀರು. ನಡೆಯಲು ಆಗದ ಹಿರಿಯರು ಇಲ್ಲೇ ನೃಪತುಂಗ ಬೆಟ್ಟದಿಂದ ಶುರು ಮಾಡಿ ಉಣಕಲ್ಲಿನ ಚಂದ್ರಮೌಳೇಶ್ವರ, ಅಮರಗೋಳದ ಶಂಕರಲಿಂಗ ನೋಡಿ ಅರ್ಧ ದಿನದಲ್ಲಿ ಮನೆ ಸೇರಬಹುದು. ಅದಕ್ಕೂ ಮೊದಲು ಒಂದು ಕೆಲಸ. ಹಳ್ಳಿಯ ಸದಸ್ಯರು ತಾಲೂಕಿನ ಭೂಮಾಪನ ಕಚೇರಿಯಿಂದ ತಮ್ಮ ಊರಿನ ಗಾಯರಾಣದ ನಕಾಶೆ ತೆಗೆಸಿ, ನಾಲ್ಕು ಹುಡುಗರನ್ನು ಕರೆದುಕೊಂಡು ಬಾಂದಕಲ್ಲಿನಿಂದ ಬಾಂದಕಲ್ಲಿಗೆ ನಡೆದು ನೋಡಿರಿ. ಎಷ್ಟು ಕಲ್ಲು ಸಿಕ್ಕವು, ಎಷ್ಟು ಸಿಗಲಿಲ್ಲ ಎಂದು ಒಂದು ವಹಿಯಲ್ಲಿ ಬರೆದು ತಂದರೆ ಮುಂದಿನ ವಾರ್ಷಿಕ ಸಭೆಯಲ್ಲಿ ಓದೋಣ. ಅಜ್ಜಂಪುರಕ್ಕೆ ಬರುವವರು ದೀಪಾವಳಿಯ ಒಳಗೆ ಸಂಘದ ಕಚೇರಿಯಲ್ಲಿ ಹೆಸರು ಬರೆಸಿರಿ. ಹೆಣ್ಣುಮಕ್ಕಳೂ ಬರಬೇಕು ಎಂದು ನನ್ನ ಆಗ್ರಹ. ಹುಲ್ಲಿನ ಜಾತಿ ಗುರುತು ಹಿಡಿಯುವುದರಲ್ಲಿ ಅವರು ನಮಗಿಂತ ಮುಂದು.